ಅಳು ನಿಲ್ಲಿಸುವ ಪುಟ್ಟತಾಯಮ್ಮ

ಹೊಳೆನರಸೀಪುರದ ಆ ಬೀದಿಯಲ್ಲಿ ಯಾರ ಮನೆಯ ಮಗು ಅತ್ತರೂ ಪುಟ್ಟತಾಯಮ್ಮ ತೊಳಸುತ್ತಿದ್ದ ಮುದ್ದೆಯನ್ನು ಹಾಗೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿಬರುತ್ತಾರೆ. ಮಗುವನ್ನು ಹೆಗಲಿಗೆ ಹಾಕಿಕೊಂಡು, “ಯಾರ್ಲಾ ಅದು ನನ್ ಬಂಗಾರಾನ ಅಳ್ಸಿದ್ದು?” ಎಂದು ಫ್ಯಾನನ್ನು, ಕಾಗೆಯನ್ನು, ಹಾರನ್ ಹೊಡೆದ ಅರಕಲಗೂಡು ಬಸ್ಸನ್ನೂ ಗದರಿಸುತ್ತಾರೆ, ಬಸ್ಸೂ ಹೆದರಿ ಬಾಯಿ ಮುಚ್ಚಿಕೊಂಡಿತೇನೋ ಅನ್ನಿಸಬೇಕು. ಒಂದು ಮಧ್ಯಾಹ್ನ ಚೊಚ್ಚಲ ಬಾಣಂತಿ ಸಿಂಧು, “ನನ್ನತ್ರ ಸುಮ್ಕಾಗಾದೇ ಇಲ್ಲ ಕಣಜ್ಜಿ, ನಾನೆಂಥ ತಾಯಿ?” ಎಂದು ತಾನೇ ಅತ್ತುಬಿಟ್ಟಳು. ಹೆಗಲ ಮೇಲಿದ್ದ ಮಗುವಿನ ಅಳು ಬಿಕ್ಕಳಿಕೆಗೆ ಇಳಿಯುತ್ತಿದ್ದಂತೆ ಅಜ್ಜಿ ಅದನ್ನು ಸಿಂಧುವಿನ ಎದೆಗೆ ಒರಗಿಸಿ, ಅವಳ ಅಂಗೈಯನ್ನು ಅದರ ಬೆನ್ನ ಮೇಲಿಟ್ಟರು. ಮಗು ನಿದ್ದೆಹೋಯಿತು. “ನೋಡ್ದೇನವ್ವಾ, ನಿನ್ ಕೈಗೆ ಬಂದ್ಮ್ಯಾಲೇ ಸುಮ್ಕಾಯ್ತು!” ಎಂದರು. ಆಗ ಸಿಂಧುವಿಗೆ ಹೊಳೆಯಿತು: ಪಕ್ಕದ ಮನೆಗಳಲ್ಲೂ ಅಷ್ಟೇ, ಈ ಅಜ್ಜಿ ಕೊನೆಯ ಬಿಕ್ಕನ್ನು ಯಾವಾಗಲೂ ತಾಯಿಗೇ ಬಿಟ್ಟುಕೊಡುತ್ತಾರೆ.