ನಮ್ಮ ಸೈರನ್ನೂ ನೇಮಣ್ಣ ಕಾಕಾರ ಊಟವೂ

ಬಾಗಿಲಿಗೆ ಬೀಗ ಹಾಕಿದ ಮೇಲೆ ಅದನ್ನೊಮ್ಮೆ ಜಗ್ಗಿ ನೋಡದೆ ಮೆಟ್ಟಿಲಿಳಿಯುವ ಮನುಷ್ಯರನ್ನು ನಾನಂತೂ ಕಂಡಿಲ್ಲ. ಅಪನಂಬಿಕೆ ಬೀಗದ ಮೇಲೋ ತಮ್ಮ ಕೈಯ ಮೇಲೋ, ಅಂತೂ ಜಗ್ಗಿಯೇ ಜಗ್ಗುತ್ತಾರೆ. ನಾನಾದರೋ ಗೇಟಿನ ತನಕ ಹೋಗಿ, ತಿರುಗಿ ಬಂದು, ಮತ್ತೊಮ್ಮೆ ಜಗ್ಗುವ ಪಂಗಡಕ್ಕೆ ಸೇರಿದವಳು. ಈ ಚಾಳಿಯಿಂದಾಗಿ ಖಾನಾಪುರದ ಬಸ್ಸುಗಳು ಕಣ್ಣೆದುರೇ ಹೊರಟುಹೋದದ್ದುಂಟು. ಮನೆ ಬೆಳಗಾವಿಯ ಹಿಂದವಾಡಿಯಲ್ಲಿ, ನಾನು ಪಾಠ ಹೇಳುವ ಕಾಲೇಜು ಖಾನಾಪುರದಲ್ಲಿ, ಯಜಮಾನರ ಶಾಲೆ ಇನ್ನೂ ಆಚೆಯ ಬೀಡಿ ಎಂಬ ಊರಿನಲ್ಲಿ. ಇಬ್ಬರೂ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು ಮೀರಿರುತ್ತದೆ. ಆದ್ದರಿಂದ ಹೋದ ಮಳೆಗಾಲದಲ್ಲಿ, ನನ್ನ ವ್ಯಾಧಿಗೆ ಇದೇ ದಿವ್ಯೌಷಧವೆಂದು ನಂಬಿ, ಯಜಮಾನರು ಮನೆಗೊಂದು ಕಳ್ಳರನ್ನು ಹಿಡಿಯುವ ಯಂತ್ರವನ್ನು ಕೂಡಿಸಿದರು. ಪಡಸಾಲೆಯ ಗೋಡೆಯ ಮೇಲೊಂದು ಬಿಳಿಯ ಕಣ್ಣು. ಖಾಲಿ ಮನೆಯಲ್ಲಿ ಏನಾದರೂ ಅಲುಗಿದರೆ ಸೈರನ್ ಬೊಬ್ಬಿಡುತ್ತದೆ, ನನ್ನ ಫೋನಿಗೂ ಸುದ್ದಿ ಬರುತ್ತದೆ. ಕದಿಯುವಂಥದ್ದು ನಿಮ್ಮ ಮನೆಯಲ್ಲಿ ಏನಿದೆಯೆಂದು ಕೇಳಬೇಡಿ. ಇದನ್ನು ಕೊಂಡ ಮೇಲೆ ಇದೇ ಇದೆ.

ಮಳೆಗಾಲವಿಡೀ ಯಂತ್ರ ಸಂಭಾವಿತನ ಹಾಗೆ ಸುಮ್ಮನಿತ್ತು. ದೀಪಾವಳಿ ಕಳೆದದ್ದೇ ತಡ, ಸಂಜೆಯಾದರೆ ಬೊಬ್ಬಿಡತೊಡಗಿತು. ನಾನು ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುವಾಗ ಫೋನು ನಡುಗುವುದು. ಕೂಡಲೇ ನಾನು ನೆರೆಮನೆಯ ನೇಮಣ್ಣ ಕಾಕಾರಿಗೆ ಫೋನು ಮಾಡುವುದು. ನಮ್ಮ ಮನೆಯ ಇನ್ನೊಂದು ಕೀಲಿ ಇರುವುದು ಅವರ ಬಳಿ. ಕಾಕಾ ಅರಿವೆ ವ್ಯಾಪಾರ ಬಿಟ್ಟು ಮನೆಯಲ್ಲಿರುವ ಜೈನ ಹಿರಿಯರು, ನಡೆಯುವಾಗ ಇರುವೆಗೂ ದಾರಿ ಬಿಡುವವರು. ಸೈರನ್ನನ್ನು ನಾನು ಫೋನಿನಿಂದಲೇ ಆರಿಸುತ್ತೇನೆ, ನೀವು ಹೊರಗಿನಿಂದ ಇಣುಕಿದರೆ ಸಾಕು ಎಂದರೂ ಅವರು ಕೇಳುತ್ತಿರಲಿಲ್ಲ. ಒಳಹೊಕ್ಕು, ಮಂಚದ ಕೆಳಗೆ ಬಗ್ಗಿ ನೋಡಿ, ಹಿತ್ತಲ ಬಾಗಿಲು ಜಗ್ಗಿ, ಮಾಳಿಗೆ ಹತ್ತಿಳಿದು, ಆಮೇಲೆಯೇ ಅವರ ಮಾತು: "ಏನೂ ಇಲ್ಲ ಬಿಡವಾ, ಎಲ್ಲಾ ಬರೋಬರಿ ಐತಿ. ನೀ ಸಾವಕಾಶ ಬಾ."

ಯಂತ್ರದ ಕಂಪನಿಯವರು ಬೆಳಿಗ್ಗೆ ಬಂದು ಪರೀಕ್ಷಿಸಿ, ಯಂತ್ರ ನಿರ್ದೋಷಿ, ಮನೆಯೇ ದೋಷಿ ಎಂದು ತೀರ್ಪಿತ್ತು ಹೋದರು. ಅದರ ಎದುರು ಅಲುಗಾಡುವುದೇನೂ ಇರಬಾರದಂತೆ. ಸರಿ, ಗಾಳಿಗೆ ಹಾರುವ ಕ್ಯಾಲೆಂಡರು ಕೆಳಗಿಳಿಯಿತು. ಪರದೆ ಗಂಟು ಕಟ್ಟಿಸಿಕೊಂಡಿತು. ತೋರಣ ಕಪಾಟು ಸೇರಿತು. ನಮಗಿಂತ ಮೊದಲೇ ಆ ಮನೆಯಲ್ಲಿದ್ದ ಹಲ್ಲಿಯನ್ನು, ಗಡಿನಾಡಿನವಳಿಗೆ ಇದೇನು ದೊಡ್ಡದು ಎಂದುಕೊಂಡು, ಕಸಬರಿಗೆ ಹಿಡಿದು ಗಡಿಪಾರು ಮಾಡಿದೆ. ಪಡಸಾಲೆ ಸಂನ್ಯಾಸ ಸ್ವೀಕರಿಸಿತು. ಸೈರನ್ ಮಾತ್ರ ತನ್ನ ಸಂಸಾರ ಬಿಡಲಿಲ್ಲ.

ಒಂದು ರವಿವಾರ ಕಾಕಾರ ಹೆಂಡತಿ ಸುನಂದಾ ಕಾಕು ಅಂಗಳದಲ್ಲಿ ಸಿಕ್ಕಾಗ, ಕಾಕಾ ಯಾಕೋ ಸೊರಗಿದ್ದಾರಲ್ಲ ಎಂದು ಸಹಜವಾಗಿ ಕೇಳಿದೆ.

"ಸೊರಗದ ಏನ್ ಮಾಡ್ತಾರವಾ? ಹೊತ್ತು ಮುಳುಗಿದ ಮ್ಯಾಲ ನಾವು ಉಣ್ಣಾಂಗಿಲ್ಲ, ನಿನಗ ಗೊತ್ತೈತಿ. ತಾಟು ಬಡಿಸಿ ಇಡೂದ್ರಾಗ ನಿಮ್ಮ ಸೈರನ್ ಒದರತೈತಿ. ನಿಮ್ಮನಿ ಎಲ್ಲಾ ಅಡ್ಡಾಡಿ ಬಂದು ಕೈಕಾಲ ತೊಳಕೊಳ್ಳೂದ್ರಾಗ ಕತ್ತಲಾಗಿರತೈತಿ. ಹಂಗ ಉಪಾಸ ಮಲಗ್ತಾರ. ಆಕಿಗೆ ಹೇಳಬ್ಯಾಡ, ಬ್ಯಾಸರ ಮಾಡ್ಕೋತಾಳ ಅಂದಾರ. ಮೋಡ ಆದ ದಿನ ಅಷ್ಟ ನೋಡು, ಅದು ಒದರಾಂಗಿಲ್ಲ, ಇವರು ಹೊಟ್ಟಿ ತುಂಬ ಉಣ್ತಾರ."

ನಿಂತ ನೆಲ ಬಾಯ್ಬಿಡಬಾರದೇ ಎನಿಸಿತು. ನಮ್ಮ ಮನೆಯಲ್ಲಿ ಕಳ್ಳತನವಾಗುವುದಿರಲಿ, ನಾವೇ ದಿನವೂ ಆ ಹಿರಿಯರ ತುತ್ತು ಕದಿಯುತ್ತಿದ್ದೆವು. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು. ಆದರೆ ಕಾಕುವಿನ ಕೊನೆಯ ಮಾತು ತಲೆಯಲ್ಲಿ ಕೂತಿತು: ಮೋಡದ ದಿನ ಬೊಬ್ಬೆಯಿಲ್ಲ. ಅಂದರೆ ಬಿಸಿಲಿಗೂ ಅದಕ್ಕೂ ಏನೋ ನಂಟಿರಬೇಕು.

ಅಂದೇ ಸಂಜೆ ಯಂತ್ರ ಚಾಲೂ ಮಾಡಿ, ಮನೆಗೆ ಬೀಗ ಹಾಕಿ, ನನ್ನದೇ ಮನೆಯ ಕಿಟಕಿಗೆ ಮೂಗೊತ್ತಿ ಕಳ್ಳಿಯ ಹಾಗೆ ಹೊರಗೆ ನಿಂತೆ. ಪಶ್ಚಿಮದ ಗಾಜಿನ ಕಿಟಕಿಯಿಂದ ಬಂದ ಬಿಸಿಲು ನೆಲ ಬಿಟ್ಟು ಎದುರು ಗೋಡೆಗೆ ಹತ್ತಿತು. ಮೆಲ್ಲಗೆ ಮೇಲೇರಿ ಬಿಳಿಯ ಕಣ್ಣಿಗೆ ಬಡಿಯಿತು. ಬೊಬ್ಬೆ! ಕಳ್ಳ ಬೇರಾರೂ ಅಲ್ಲ, ಸಾಕ್ಷಾತ್ ಸೂರ್ಯನಾರಾಯಣ. ಚಳಿಗಾಲಕ್ಕೆ ದಕ್ಷಿಣಕ್ಕೆ ವಾಲಿ ಸರಿಯಾಗಿ ಆ ಕಿಟಕಿಗೇ ಬರುವವನು ಬೆಳಗಿನ ಪರೀಕ್ಷಕರಿಗೆ ಸಿಗುವುದಾದರೂ ಹೇಗೆ? ಕಾಕಾರನ್ನು ಊಟಕ್ಕೆ ಕೂಡಿಸುವವನೂ ಅವನೇ, ಎಬ್ಬಿಸುವವನೂ ಅವನೇ. ಕೀಲಿ ಹಿಡಿದು ಓಡಿ ಬಂದ ಕಾಕಾರನ್ನು ಗೇಟಿನ ಬಳಿಯೇ ತಡೆದು, ಕೈಮುಗಿದು, ಊಟಕ್ಕೆ ತಿರುಗಿ ಕಳಿಸಿದೆ. ಮರುದಿನ ಬೆಳಿಗ್ಗೆ ಆ ಕಣ್ಣನ್ನು ಕಿಟಕಿಯಿರುವ ಗೋಡೆಗೇ ಕೂಡಿಸಿ, ಸೂರ್ಯನಿಗೆ ಬೆನ್ನು ಮಾಡಿಸಿದ್ದಾಯಿತು.

ಆ ಸಂಜೆ ಖಾನಾಪುರದ ಆಕಾಶ ಶುಭ್ರವಾಗಿತ್ತು, ಸೂರ್ಯ ಮರಗಳ ಮೇಲಿದ್ದ, ಫೋನು ಸುಮ್ಮನಿತ್ತು. ಎಂಥ ನೆಮ್ಮದಿ! ಆದರೆ ನೆಮ್ಮದಿ ನನ್ನ ಜಾತಕಕ್ಕೆ ಒಗ್ಗುವಂಥದ್ದಲ್ಲ. ಯಂತ್ರ ಕೆಟ್ಟಿದೆಯೋ? ಸೈರನ್ ಆದರೂ ನನಗೆ ಸುದ್ದಿ ಬಂದಿಲ್ಲವೋ? ಕಾಕಾ ನಿಜಕ್ಕೂ ಊಟಕ್ಕೆ ಕೂತರೋ? ತಡೆಯಲಾರದೆ ಫೋನು ಹಚ್ಚಿದೆ. ಎತ್ತಿದವರು ಕಾಕು.

"ಕಾಕಾ ಊಟಕ್ಕ ಕುಂತಾರೇನ್ರಿ, ಕಾಕು?"

"ಕುಂತಿದ್ರವಾ! ಒಂದ ತುತ್ತು ಬಾಯಾಗ ಇಟ್ಟಿದ್ರು. ಫೋನಿನ್ಯಾಗ ನಿನ್ನ ಹೆಸರು ನೋಡಿದ್ದ ತಡ, ಕೀಲಿ ತಗೊಂಡು ನಿಮ್ಮನಿಗೆ ಓಡಿದ್ರು!"

"ಅಯ್ಯ, ಕರೀರಿ ಅವರನ್ನ! ಹೊತ್ತು ಇನ್ನೂ ಮುಳುಗಿಲ್ರಿ!"

ನನ್ನ ಕೂಗಿಗೆ ಬಸ್‌ಸ್ಟ್ಯಾಂಡಿನ ಜನವೆಲ್ಲ ತಿರುಗಿ ನೋಡಿತು. ಬಾಜು ನಿಂತಿದ್ದ ಅಜ್ಜಿಯೊಬ್ಬರು ಏನಾಯಿತೆಂದು ಮರಾಠಿಯಲ್ಲಿ ವಿಚಾರಿಸಿದರು. ಅತ್ತ ಕಾಕು ಹೊರಬಾಗಿಲಿಗೆ ಹೋಗಿ ಕರೆದದ್ದು, ಚಪ್ಪಲಿ ಬಿಟ್ಟ ಸದ್ದು, ಕೈಕಾಲಿಗೆ ನೀರು ಸುರಿದ ಸದ್ದು, ಎಲ್ಲ ಕೇಳಿಸಿತು. ಇತ್ತ ನಾನು, ಸ್ವಲ್ಪ ತಡಿಯಪ್ಪಾ, ಎಂದು ಸೂರ್ಯನನ್ನೇ ಬೇಡಿಕೊಳ್ಳುತ್ತ ನಿಂತಿದ್ದೆ.

"ಕುಂತ್ರು," ಎಂದರು ಕಾಕು. "ಆ ಮಿಷನ್ ಅಂತೂ ಸುಮ್ಮನಾತು. ಇನ್ನ ನೀ ಒಬ್ಬಾಕಿ ಸುಮ್ಮನಾದ್ರ ಇವರು ಹೊಟ್ಟಿ ತುಂಬ ಉಣ್ತಾರ ನೋಡವಾ."

ಫೋನನ್ನು ಚೀಲದ ತಳಕ್ಕೆ ಹಾಕಿದೆ. ಬಸ್ಸು ಬಂತು, ಕಿಟಕಿಯ ಬದಿ ಜಾಗವೂ ಸಿಕ್ಕಿತು. ಬೆಳಗಾವಿ ಮುಟ್ಟುವ ತನಕ ಚೀಲಕ್ಕೆ ಕೈ ಹಾಕದೆ, ಕಾಕಾ ಉಣ್ಣುತ್ತಿದ್ದಾರೆಂದು ನಂಬಿ, ಸುಮ್ಮನೆ ಕೂತೆ.