ಒಂದು ತಿಂಗಳು ಮುಂದೆ ಹೋದ ಕಾರಹುಣ್ಣಿಮೆ

ಕಾರಹುಣ್ಣಿಮೆ ಎಂದೆನಲ್ಲ, ಯಾಕೆ ಹಾಗೆಂದೆ? ಎಂಟನೇ ತಾರೀಖು ಎಂದಿದ್ದರೆ ಸಾಕಿತ್ತು. ಈಗ ಅವರು ಎಲ್ಲಿದ್ದಾರೋ. ಯಾರಾದರೂ ಹೇಳಿ, ತಾವಾಗಿಯೇ ಊರಿಗೆ ಹೊರಟಿರಬಹುದೇ? ಇಲ್ಲ. ಹುಣ್ಣಿಮೆ ಎಂದರೆ ಅವರು ಹುಣ್ಣಿಮೆಯನ್ನೇ ಕಾಯುತ್ತಾರೆ.

ಬಿಜ್ಜರಗಿ ದಾಟಿ ರಸ್ತೆ ಎರಡಾಗುವಲ್ಲಿ ಮೊಪೆಡ್ ನಿಲ್ಲಿಸಿಕೊಂಡು ಬಸಲಿಂಗಯ್ಯ ಇದನ್ನೇ ಮತ್ತೆ ಮತ್ತೆ ಯೋಚಿಸುತ್ತಿದ್ದಾರೆ. ಇನ್ನೂ ನಸುಕು. ದ್ರಾಕ್ಷಿ ತೋಟದ ಕಲ್ಲುಕಂಬಗಳು ಈಗಷ್ಟೇ ಕಣ್ಣಿಗೆ ಬೀಳುತ್ತಿವೆ. ಕುರಿಹಿಂಡು ಯಾವ ಕಡೆ ಹೋಗಿದೆ ಎಂದು ಕೇಳಲು ಒಬ್ಬರೂ ಇಲ್ಲ. ಕುರಿಗಾಹಿ ಮಲ್ಲಿನಾಥನ ಫೋನು ನಿನ್ನೆಯಿಂದ ಸ್ವಿಚ್ ಆಫ್.

ಇವತ್ತು ಶನಿವಾರ. ಮಲ್ಲಿನಾಥನ ಮಗಳು ಲಕ್ಷ್ಮಿ ಐದನೇ ತರಗತಿ ಮುಗಿಸಿ, ಪರೀಕ್ಷೆ ಬರೆದು, ಬಬಲೇಶ್ವರ ಕಡೆಯ ವಸತಿ ಶಾಲೆಗೆ ಆಯ್ಕೆಯಾಗಿದ್ದಾಳೆ. ಸೋಮವಾರ ಸಂಜೆಯೊಳಗೆ ಅಲ್ಲಿ ಹಾಜರಾಗದಿದ್ದರೆ ಆ ಸೀಟು ಮುಂದಿನ ಹೆಸರಿಗೆ ಹೋಗುತ್ತದೆ. ಮನೆಯವರು ಮಾತ್ರ ಇನ್ನೂ ವಾರಗಟ್ಟಲೆ ಸಮಯವಿದೆ ಎಂದುಕೊಂಡು ಮಗಳನ್ನೂ ಕರೆದುಕೊಂಡು ಕುರಿಗಳ ಹಿಂದೆ ಹೋಗಿದ್ದಾರೆ. ಹಾಗೆಂದು ಹೇಳಿ ಕಳಿಸಿದವರು ಇದೇ ಬಸಲಿಂಗಯ್ಯ.

ತಿಕೋಟಾ ಭಾಗದ ಒಂದು ಸರ್ಕಾರಿ ಶಾಲೆಯಲ್ಲಿ ಅವರು ಸಿಪಾಯಿ. ವಿಜಯಪುರದ ಅಥಣಿ ರಸ್ತೆಯ ಮನೆಯಿಂದ ದಿನಾ ಬರುತ್ತಾರೆ. ಬೀಗ ತೆಗೆಯುವುದು, ನೀರಿನ ಟಾಕಿ ತುಂಬಿಸುವುದು, ಗಂಟೆ ಹೊಡೆಯುವುದು ಅವರ ಕೆಲಸ. ಇನ್ನೊಂದು ಕೆಲಸವನ್ನು ಅವರಿಗೆ ಯಾರೂ ಒಪ್ಪಿಸಿಲ್ಲ. ಮೇಲಿನಿಂದ ಬರುವ ಆದೇಶಗಳನ್ನು ಅವರು ಮನೆಮನೆಗೆ ಮುಟ್ಟಿಸುತ್ತಾರೆ. ಪಾಲಕರಿಗೆಂದು ಮೊಬೈಲಿನಲ್ಲಿ ಒಂದು ಗುಂಪಿದೆ, ಮುಖ್ಯಗುರುಗಳು ತಪ್ಪದೆ ಅದರಲ್ಲಿ ಹಾಕುತ್ತಾರೆ. "ಆದ್ರ ಫೋನು ಗಂಡನ ಕಿಸೆದಾಗ ಇರ್ತೈತ್ರಿ, ಹುಡುಗನ್ನ ಸಾಲಿಗೆ ತಯಾರ ಮಾಡಾಕಿ ತಾಯಿ," ಎನ್ನುತ್ತಾರೆ ಬಸಲಿಂಗಯ್ಯ. ಅದಕ್ಕೇ ಹೆಂಗಸರು ಕೂಲಿಗೆ ಹೊರಡುವ ಮೊದಲೇ ಅವರ ಬಾಗಿಲ ಮುಂದೆ ಇವರ ಮೊಪೆಡ್ ನಿಂತಿರುತ್ತದೆ.

ಬಾಗಿಲ ಮುಂದೆ ನಿಲ್ಲುವುದು ಆ ಮನೆತನಕ್ಕೆ ಹೊಸದಲ್ಲ. ಜಂಗಮರ ಮನೆ. ಅವರ ಅಜ್ಜ ಇದೇ ಊರುಗಳಲ್ಲಿ ಜೋಳಿಗೆ ಹಾಕಿಕೊಂಡು, ಗಂಟೆ ಬಾರಿಸುತ್ತ ಭಿಕ್ಷೆಗೆ ಹೋಗುತ್ತಿದ್ದರು. ಮೊಮ್ಮಗನ ಕೈಯಲ್ಲಿ ಜೋಳಿಗೆಯಿಲ್ಲ. ಆದರೂ ಹಳೆಯ ಮನೆಗಳಲ್ಲಿ ಅಯ್ಯಾರ ಧ್ವನಿ ಕೇಳಿದ ಕೂಡಲೇ ಮುದುಕಿಯರು ಹಿಟ್ಟಿನ ಬಟ್ಟಲು ಹಿಡಿದು ಹೊರಗೆ ಬರುತ್ತಾರೆ. ಬಟ್ಟಲನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡು, ಇವರು ಶಾಲೆಯ ಸುದ್ದಿ ಹೇಳಲು ಶುರು ಮಾಡುತ್ತಾರೆ. ಒಂದನೇ ತರಗತಿಗೆ ವಯಸ್ಸು ಎಷ್ಟು ತುಂಬಿರಬೇಕು, ಊರು ಬಿಟ್ಟು ಹೋಗುವವರು ದಾಖಲಾತಿ ಹೇಗೆ ಬದಲಿಸಬೇಕು, ಇಂಥವೇ ಸುದ್ದಿ.

ಮಧ್ಯಾಹ್ನದ ಊಟದ ಜೊತೆ ಮೊಟ್ಟೆ ಕೊಡುವ ಸುದ್ದಿ ಬಂದಾಗಲೂ ಹೇಳಿದವರು ಇವರೇ. ಜನ್ಮದಲ್ಲಿ ಮೊಟ್ಟೆ ಮುಟ್ಟದವರು. "ಯವ್ವಾ, ತತ್ತಿ ತಿನ್ನೋರಿಗೆ ತತ್ತಿ, ಒಲ್ಲೆ ಅಂದೋರಿಗೆ ಬಾಳಿಹಣ್ಣು. ನಿಮ್ಮ ಹುಡುಗಗ ಯಾವುದಂತ ಹೇಳ್ರಿ," ಎಂದರಂತೆ. ಪಕ್ಕದ ಕಟ್ಟೆಯಲ್ಲಿ ಕೂತಿದ್ದ ಪೀರಾಂಬಿ ನಕ್ಕು ನಕ್ಕು ಕೆಮ್ಮಿದರಂತೆ: "ಅಯ್ಯಾರ ಬಾಯಾಗ ತತ್ತಿ ಬಂತಲ್ರೇ! ನಿಮ್ಮಜ್ಜ ಹಿಟ್ಟು ಇಸ್ಕೊಂಡು ಹೋಗ್ತಿದ್ದ, ನೀವು ತತ್ತಿ ಹಂಚ್ಕೋತ ಬಂದ್ರಿ!"

ಹೇಳುವ ಸುದ್ದಿಯನ್ನೆಲ್ಲ ಅವರು ಹಬ್ಬಹುಣ್ಣಿಮೆಯ ಲೆಕ್ಕಕ್ಕೆ ತಿರುಗಿಸುತ್ತಾರೆ. "ತಾರೀಖು ಹೇಳಿದ್ರ ಕಿವಿಯಾಗಿಂದ ಹಂಗ ಹೊಂಟಹೋಗ್ತದ್ರಿ. ಮಗಾ ಯಾವಾಗ ಹುಟ್ಟ್ಯಾನವ್ವ ಅಂತ ಕೇಳಿದ್ರ, ಶೀಗಿಹುಣ್ಣಿಮಿ ಎಡಬಲ ಅಂತಾರ. ನಾನೂ ಅದೇ ಲೆಕ್ಕದಾಗ ಹೇಳ್ತೀನಿ." ಪರೀಕ್ಷೆ ದಸರಾ ಮುಂಚೆ, ಸ್ಕಾಲರ್‌ಶಿಪ್ ಅರ್ಜಿ ದೀಪಾವಳಿಯೊಳಗೆ. ಹೋದ ವರ್ಷ ಜೂನ್ ಎರಡನೇ ವಾರ ಕಾರಹುಣ್ಣಿಮೆ ಬಂದಿತ್ತು. ಆ ನೆನಪಿನಲ್ಲೇ ಈ ವರ್ಷ ಮಲ್ಲಿನಾಥನಿಗೆ, "ಕಾರಹುಣ್ಣಿಮಿ ಮುಂಚೆ ಹುಡುಗಿನ್ನ ಕರಕೊಂಡು ಬಾ," ಎಂದುಬಿಟ್ಟರು. ಈ ವರ್ಷ ಅಧಿಕ ಮಾಸ. ಹುಣ್ಣಿಮೆ ಒಂದು ತಿಂಗಳು ಮುಂದೆ ಹೋಗಿದೆ. ಶಾಲೆಯ ತಾರೀಖು ಇದ್ದಲ್ಲೇ ಇದೆ.

ಅದು ನೆನಪಾದದ್ದು ನಿನ್ನೆ, ಊಟಕ್ಕೆ ಕೂತಾಗ. "ಅಧಿಕ ಮುಗಿಯಾಕ ಬಂತು, ಇನ್ನೂ ಅಳಿಯಾರನ್ನ ಊಟಕ್ಕ ಕರದಿಲ್ಲ," ಎಂದರು ಹೆಂಡತಿ ಲಕ್ಕವ್ವ. ಅಧಿಕದಲ್ಲಿ ಅಳಿಯನನ್ನು ಕರೆದು ಹೋಳಿಗೆ ಉಣಿಸುವುದು ಇಲ್ಲಿಯ ರೂಢಿ. ಬಸಲಿಂಗಯ್ಯನವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಯಾಕ್ರಿ, ಅಳಿಯ ಬರ್ತಾನಂದ್ರ ಅಷ್ಟ ಅಂಜಿಕಿ ಏನ?" ಎಂದು ಲಕ್ಕವ್ವ ಛೇಡಿಸಿದರು. ಅವರು ಆಗಲೇ ಎದ್ದು ಕೈ ತೊಳೆಯುತ್ತಿದ್ದರು.

ಬೆಳಕು ಹರಿಯುವ ಹೊತ್ತಿಗೆ ಆ ದಾರಿಯಲ್ಲಿ ಒಂದು ನೀರಿನ ಟ್ಯಾಂಕರ್ ಬರುತ್ತದೆ. "ಮಲ್ಲಿನಾಥನ ಕುರಿ ಏನ್ರಿ? ಹಳ್ಳದ ಆಚಿ ಹೊಲದಾಗ ಅದಾವ," ಎಂದು ಚಾಲಕ ಕೈ ತೋರಿಸುತ್ತಾನೆ. ಗೊಬ್ಬರ ಬೀಳಲಿ ಎಂದು ಹೊಲದವರು ರಾತ್ರಿ ಅಲ್ಲಿ ಕುರಿ ನಿಲ್ಲಿಸಿಕೊಂಡಿದ್ದಾರೆ.

"ಏ, ಅಯ್ಯಾರು ಬಂದಾರ ನೋಡು," ಎಂದು ಮಲ್ಲಿನಾಥ ಹೆಂಡತಿಯನ್ನು ಕರೆಯುತ್ತಾನೆ. ಒಲೆಯ ಮುಂದಿನಿಂದ ಎದ್ದ ಭೀಮಾಬಾಯಿ ಅಡವಿಯಲ್ಲೂ ರೂಢಿ ಬಿಡದೆ ಬೊಗಸೆ ಹಿಟ್ಟು ಹಿಡಿದು ಬರುತ್ತಾಳೆ.

"ಹಿಟ್ಟು ಇರಲಿ ಯವ್ವಾ. ನಾ ತಪ್ಪು ಹೇಳೇನಿ. ಹುಣ್ಣಿಮಿ ಅಲ್ಲ, ನಾಡದ ಸೋಮವಾರ."

"ಏನ್ರಿ ಅಯ್ಯಾರ, ನಿಮ್ಮ ಸರ್ಕಾರ ಹುಣ್ಣಿಮಿನೂ ಹಿಂದಕ ಜಗ್ಗಿತೇನ?" ಎಂದು ಮಲ್ಲಿನಾಥ ನಗುತ್ತಾನೆ.

"ಸರ್ಕಾರದ್ದಲ್ಲೋ ಯಪ್ಪಾ, ನಂದ ತಪ್ಪು. ಅಧಿಕ ಬಂದದ್ದು ಮರತೆ."

"ಪಂಚಾಂಗ ಹೇಳೋ ಮನಿಯವರು ಅಧಿಕ ಮರೀತಾರೇನ್ರಿ! ನನಗ ನೆನಪಿತ್ತು. ಅದಕ್ಕ ಆರಾಮ ಇದ್ದೆ."

ಆಮೇಲೆ ಅವನ ನಗು ನಿಲ್ಲುತ್ತದೆ. ಕುರಿಗಳು ಈಯುವ ಸಮಯ. ತಾಯಿಗೆ ಮರಿ ಹಚ್ಚಲು, ಮೊಲೆ ಹಿಡಿಸಲು ಲಕ್ಷ್ಮಿಯ ಕೈ ಬೇಕು. ಹುಣ್ಣಿಮೆಯ ಹೊತ್ತಿಗೆ ಅದು ಮುಗಿಯುತ್ತದೆ ಎಂದು ಅವನು ಅಂದಾಜು ಹಾಕಿಕೊಂಡಿದ್ದ. ಸ್ವಲ್ಪ ದೂರದಲ್ಲಿ ಲಕ್ಷ್ಮಿ ಇನ್ನೂ ಮೈ ಒಣಗದ ಮರಿಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಳೆ. ಎಲ್ಲ ಕೇಳಿಸಿಕೊಳ್ಳುತ್ತಿದ್ದಾಳೆ, ತಲೆ ಎತ್ತುತ್ತಿಲ್ಲ.

"ಕಳಸದಿದ್ರ ಏನಾಗ್ತದ್ರಿ?" ಎಂದು ಮಲ್ಲಿನಾಥ ಕೇಳುತ್ತಾನೆ.

ಬಸಲಿಂಗಯ್ಯ ಅವನ ಎದುರು ಕೂರುತ್ತಾರೆ. ಇಲ್ಲಿ ಹೆದರಿಸುವುದು ಸುಲಭ. ಹಾಗೆ ಹೆದರಿಸುವವರು ಊರಲ್ಲಿ ಇದ್ದಾರೆ.

"ನಿನಗೇನೂ ಆಗಂಗಿಲ್ಲ. ದಂಡ ಇಲ್ಲ, ರೇಷನ್ ಬಂದ್ ಆಗಂಗಿಲ್ಲ. ಅಲ್ಲಿ ಇರೋದು, ಉಣ್ಣೋದು, ಪುಸ್ತಕ, ಅರಿವಿ ಎಲ್ಲಾ ಪುಕ್ಕಟೆ. ಸೋಮವಾರ ದಾಟಿದ್ರ ಆ ಜಾಗಾ ಇನ್ನೊಂದು ಹುಡುಗಿಗೆ ಹೋಗ್ತದ. ನಮ್ಮ ಸಾಲ್ಯಾಗೂ ಆರನೇತ್ತ ಐತಿ, ಅದಕ್ಕೇನೂ ಬಾಗಲಾ ಹಾಕಂಗಿಲ್ಲ. ನನಗ ಗೊತ್ತಿರೋದು ಇಷ್ಟ."

ಲಕ್ಷ್ಮಿಯ ವರ್ಗಾವಣೆ ಪತ್ರವನ್ನು ಭೀಮಾಬಾಯಿಯ ಕೈಗೆ ಕೊಟ್ಟು, ಜೊತೆಗೆ ಏನೇನು ಒಯ್ಯಬೇಕು, ಯಾವ ಬಸ್ಸು ಎಂದು ಎರಡು ಸಲ ಹೇಳುತ್ತಾರೆ. ಮಲ್ಲಿನಾಥ ಎದ್ದು ಒದರುತ್ತಿರುವ ಕುರಿಗಳ ಕಡೆ ಹೋಗುತ್ತಾನೆ. ಅವರು ಚಹಾ ಕುಡಿದು ಎದ್ದು ಬರುತ್ತಾರೆ.

ಇಷ್ಟು ದೂರ ಬಂದು, ಇನ್ನೊಂದು ಮಾತು ಒತ್ತಿ ಹೇಳಬಹುದಿತ್ತಲ್ಲ? ಹಳ್ಳ ದಾಟುವಾಗ ಬಸಲಿಂಗಯ್ಯ ತಮ್ಮನ್ನೇ ಕೇಳಿಕೊಳ್ಳುತ್ತಾರೆ. "ಬಾಗಲದಾಗ ನಿಂದ್ರಬೇಕು, ಒಳಗ ಹೊಕ್ಕು ತಗೋಬಾರದು ಅಂತಿದ್ದ ನಮ್ಮಜ್ಜ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಇನ್ನಷ್ಟು ದೂರ ಹೋದ ಮೇಲೆ ಮತ್ತೆ ಸೇರಿಸುತ್ತಾರೆ: "ಸೋಮವಾರ ಅಲ್ಲಿ ಹಾಜರಿ ಕರಿವಾಗ ಅಕಿ 'ಹೂಂ' ಅನಬೇಕು. ನನಗ ಅಷ್ಟ ಸಾಕು."

ಭಾನುವಾರ ಅಳಿಯ ಬಂದು ಹೋಳಿಗೆ ಉಂಡು ಹೋದ. ಮಾವ ಎರಡು ಸಲ ಫೋನ್ ನೋಡಿಕೊಂಡರು ಎಂದು ಲಕ್ಕವ್ವ ದೂರುತ್ತಾರೆ.

ಸೋಮವಾರ ಪ್ರಾರ್ಥನೆ ಮುಗಿದು, ಮಕ್ಕಳು ತರಗತಿಗಳಿಗೆ ಹೋಗುವ ಹೊತ್ತಿಗೆ ಗೇಟಿನ ಹೊರಗೆ ಭೀಮಾಬಾಯಿ ನಿಂತಿದ್ದಾಳೆ. ಪಕ್ಕದಲ್ಲಿ ತಗಡಿನ ಟ್ರಂಕಿನ ಮೇಲೆ ಲಕ್ಷ್ಮಿ. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದಾರೆ. ಹೊಸ ಲಂಗದಿಂದಲೂ ಕುರಿಯ ವಾಸನೆ ಬರುತ್ತಿದೆ.

"ಮರಿಗೋಳು?" ಎಂದು ಬಸಲಿಂಗಯ್ಯ ಕೇಳುತ್ತಾರೆ.

"ಇಕಿ ಅತ್ತಿನ್ನ ಕರಸ್ಯಾರ್ರಿ. ಅಯ್ಯಾರು ಅಷ್ಟು ದೂರ ಅಡವಿಗೆ ಬಂದು 'ಹುಡುಗಿನ್ನ ಕಳಸ್ರಿ' ಅಂದ ಮ್ಯಾಲ ಹೆಂಗ ಇಲ್ಲ ಅನ್ನೂದು ಅಂದ್ರು ನಮ್ಮ ಮನಿಯವರು. ನಿಮ್ಮ ಮಾತಿಗೆ ಕಳಸಾಕತ್ತೀವಿ ನೋಡ್ರಿ."

ಬಸಲಿಂಗಯ್ಯ ಟ್ರಂಕನ್ನು ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆಯುತ್ತಾರೆ.

ಕಳಿಸಿರಿ ಎಂಬ ಮಾತನ್ನು ಅವರು ಹೇಳಿರಲೇ ಇಲ್ಲ.