ಮಂಗಳ ಗ್ರಹದ ತಳ ನೋಡಿದ ನಾಗಮಣಿ

ಮನೆದೇವರಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಶಿಡ್ಲಘಟ್ಟದ ಹೈಸ್ಕೂಲೊಂದಕ್ಕೆ ಇಂಟರ್‌ನೆಟ್ ಕಲಿಸಲು ಹೋಗಿದ್ದೆ. ಆಗ ಇಡೀ ತಾಲ್ಲೂಕಿನಲ್ಲಿ ನನ್ನಷ್ಟು ಜೋರಾಗಿ ಮೌಸ್ ಆಡಿಸುವವರು ಇರಲಿಲ್ಲ ಬಿಡಿ. ಮೊದಲ ದಿನವೇ ಸುದ್ದಿಯೊಂದನ್ನು ತೆಗೆದು ತೋರಿಸಿದೆ: ಇವತ್ತು ರಾತ್ರಿ ಮಂಗಳ ಗ್ರಹ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ! ಹೆಡ್‌ಮಾಸ್ಟರು ಹಿಗ್ಗಿಹೋಗಿ, ಆಟೋಗೆ ಮೈಕು ಕಟ್ಟಿಸಿ ತಮ್ಮ ಹೆಸರಲ್ಲೇ ಊರಿಗೆಲ್ಲ ಸಾರಿಸಲು ಹೊರಟರು.

ಎಂಟನೇ ಕ್ಲಾಸಿನ ನಾಗಮಣಿ ಎದ್ದು ನಿಂತಳು. ಅವಳಪ್ಪ ರೇಷ್ಮೆಗೂಡು ಕೊಂಡು ನೂಲು ತೆಗೆಯುವವರು.

“ಸಾರ್, ನಮ್ಮಪ್ಪ ಮಾರ್ಕೆಟ್ಟಲ್ಲಿ ಮೇಲಿನ ಗೂಡು ನೋಡಿ ಹರಾಜು ಕೂಗಲ್ಲ. ರಾಶಿ ತಳಕ್ಕೆ ಕೈಹಾಕಿ ಒಂದು ಹಿಡಿ ತೆಗೀತಾರೆ. ನೀವು ಇದರ ತಳ ನೋಡಿದ್ರಾ?”

“ಹತ್ತು ಕಡೆ ಬರೆದವ್ರೆ ಕಣಮ್ಮ!” ಎಂದೆ ನಾನು.

“ಹತ್ತರಲ್ಲೂ ಅವೇ ಮಾತು ಸಾರ್. ಒಬ್ಬರ ಗೂಡನ್ನೇ ಹತ್ತು ರಾಶಿ ಮಾಡವ್ರೆ. ನಿನ್ನೆ ಚುಕ್ಕಿಯಷ್ಟಿದ್ದಿದ್ದು ಒಂದೇ ದಿನಕ್ಕೆ ಅಷ್ಟು ದಪ್ಪ ಹೆಂಗಾಗುತ್ತೆ?”

ಹೆಡ್‌ಮಾಸ್ಟರು ಓಡಿಹೋಗಿ ಆಟೋ ನಿಲ್ಲಿಸಿದರು. ರಾತ್ರಿ ಮಂಗಳ ಎಂದಿನಂತೆ ಚುಕ್ಕಿಯಾಗಿಯೇ ಇತ್ತು, ಅವರ ಮಾನ ಉಳಿದಿತ್ತು. ಎಂಥ ತಲೆ ಆ ಹುಡುಗಿಯದು! ಹಾಗೆ ಪ್ರಶ್ನೆ ಕೇಳುವುದನ್ನು ಅವಳಿಗೆ ಹೇಳಿಕೊಟ್ಟ ಗುರು ನಾನೇ.

ಸರಿ, ಆ ಗುರುವಿನ ವಿಷಯವೊಂದು ಮಾತ್ರ ನಾನು ಕಟ್ಟಿ ಹೇಳಿದ್ದು.